ಹ್ಯಾಂಡ್‌ಪೋಸ್ಟಿನ ಮಳಿಗೆಗಳ ಲೆಕ್ಕ

ಸತ್ತೇಗಾಲದ ಹ್ಯಾಂಡ್‌ಪೋಸ್ಟಿನ ಬಳಿ ರಸ್ತೆಗೆ ಮುಖಮಾಡಿ ಎರಡು ಮಳಿಗೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಮುಪ್ಪಿನ ಕಾಲಕ್ಕೆ ಅನ್ನದ ಚಿಂತೆಯಿಲ್ಲವೆಂಬ ಮಾತನ್ನು ನಾವು ಈಚೆಗೆ ಪದೇ ಪದೇ ಕೇಳುತ್ತಿದ್ದೇವೆ. ಹೇಳುವವರು ಸಾಹುಕಾರರಲ್ಲ. ಕೊಳ್ಳೇಗಾಲದ ಮಗ್ಗದವರು, ಖಾಸಗಿ ಶಾಲೆಯಲ್ಲಿ ದುಡಿದು ದಣಿದ ಉಪಾಧ್ಯಾಯರು, ಅರ್ಧ ಎಕರೆ ಮಾರಿ ಬಂದ ಹಣವನ್ನು ಎಲ್ಲಿಡುವುದೆಂದು ತಿಳಿಯದ ರೈತರು. ನಂಬಿ ಕೂರಬಹುದಾದ ಪಿಂಚಣಿ ಇವರಲ್ಲಿ ಬಹುಮಂದಿಗೆ ಇಲ್ಲ. ಆದುದರಿಂದ ಇವರ ಆಸೆಯನ್ನು ನಾವು ಹಳಿಯಲಾರೆವು. ಲೆಕ್ಕವನ್ನು ಮಾತ್ರ ಕೇಳುತ್ತೇವೆ.

ನಿವೇಶನಕ್ಕೂ ಕಟ್ಟಡಕ್ಕೂ ಸೇರಿ 25 ಲಕ್ಷ ರೂಪಾಯಿ ತಗಲಿತೆಂದೂ ಮಳಿಗೆಯೊಂದಕ್ಕೆ ತಿಂಗಳಿಗೆ 5,000 ರೂ. ಬಾಡಿಗೆ ಬಂದೀತೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 1,20,000 ರೂ. ಬಾಯಿಮಾತಿನ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ಭರಚುಕ್ಕಿಗೆ ಜನ ನೆರೆಯುವುದು ಹೊಳೆ ತುಂಬಿದ ತಿಂಗಳುಗಳಲ್ಲಿ. ಬೇಸಗೆಯಲ್ಲಿ ಬರೀ ಬಂಡೆ ನೋಡಲು ಬರುವವರೆಷ್ಟು ಮಂದಿ? ಎರಡು ತಿಂಗಳು ಬೀಗ ಬಿದ್ದರೆ 20,000 ಹೋಯಿತು. ಕಂದಾಯ, ಸುಣ್ಣಬಣ್ಣ, ಸೋರುವ ತಾರಸಿ ಇವಕ್ಕೆ ಇನ್ನೊಂದು 20,000. ಉಳಿದದ್ದು 80,000, ಅಂದರೆ ಹೂಡಿದ ಹಣಕ್ಕೆ ನೂರಕ್ಕೆ 3 ರೂ. 20 ಪೈಸೆ. ಬ್ಯಾಂಕಿನ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತದೆ. ಅರ್ಧ ಹಣವನ್ನು ನೂರಕ್ಕೆ 9ರ ಬಡ್ಡಿಗೆ ತಂದಿದ್ದರಂತೂ ಮೊದಲ ವರ್ಷದ ಬಡ್ಡಿಯೇ ಸುಮಾರು 1,12,500 ರೂ. ಅಸಲಿನ ಮಾತು ಹಾಗಿರಲಿ, ಬಡ್ಡಿ ತೀರಿಸಲಿಕ್ಕೇ ಮಾಲೀಕ ಕೈಯಿಂದ 32,500 ರೂ. ತೆರಬೇಕು.

ನೆಲದ ಬೆಲೆ ಏರುತ್ತದಲ್ಲ ಎಂಬುದು ಇದಕ್ಕೆ ಸಿಗುವ ಉತ್ತರ. ಏರಬಹುದು. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಸರಕಾರವು 2020ರಲ್ಲಿ ಕಿತ್ತುಹಾಕಿದ ಮೇಲೆ, ನೇಗಿಲು ಮುಟ್ಟದವನ ಹಣವೂ ಹೊಲ ಕೊಳ್ಳಲು ಹಳ್ಳಿಗೆ ಬರಬಹುದಾಗಿದೆ. ಆದರೆ ಏರಿದ ಬೆಲೆ ಮಾರಿದವನಿಗೆ ದೊರೆಯುವ ಲಾಭ. ಬಾಡಿಗೆ ನಂಬಿ ಕುಳಿತವನ ಒಲೆ ಅದರಿಂದ ಉರಿಯದು. ರಸ್ತೆಯನ್ನೇ ನಂಬಿದವರ ಪಾಡನ್ನು ಮದ್ದೂರು, ಚನ್ನಪಟ್ಟಣಗಳಲ್ಲಿ ಕಂಡಿದ್ದೇವೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, ವಾಹನಗಳು ಊರುಗಳನ್ನು ಬಳಸಿಕೊಂಡು ಹೋಗತೊಡಗಿದ ಮೇಲೆ ಹಳೆಯ ರಸ್ತೆಯ ಹೋಟೆಲುಗಳಿಗೂ ಬೊಂಬೆ ಅಂಗಡಿಗಳಿಗೂ ವ್ಯಾಪಾರ ಇಳಿಯಿತು. ಆ ಮಳಿಗೆಗಳ ಒಂದು ಇಟ್ಟಿಗೆಯೂ ಕದಲಿರಲಿಲ್ಲ.

ಬಂಡವಾಳ ಹೂಡಿ ಆದಾಯ ಪಡೆಯುವ ಮಾತು ಸತ್ತೇಗಾಲಕ್ಕೆ ಹೊಸದೇನಲ್ಲ. ಮೈಸೂರು ರೆಸಿಡೆಂಟರ ನೌಕರಿಯಲ್ಲಿದ್ದ ರಾಮಸ್ವಾಮಿ ಮೊದಲಿಯಾರರು 1830ರ ಸುಮಾರಿನಲ್ಲಿ ಸ್ವಂತ ಹಣ ಹಾಕಿ ಶಿವನಸಮುದ್ರದ ಎರಡು ಕವಲುಗಳಿಗೂ ಕಲ್ಲಿನ ಸೇತುವೆ ಮಾಡಿಸಿದರು. ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಹಳ್ಳಿಗಳ ಜಹಗೀರೂ ಅವರಿಗೆ ದೊರೆತವು. ಸೇತುವೆಯಿಂದ ಉಪಕಾರವಾದದ್ದು ನಿಜ. ಆದರೆ ಆ ಆದಾಯಕ್ಕೆ ದೊರೆತನವೇ ಜಾಮೀನು ನಿಂತಿತ್ತು, ತೆತ್ತವನು ರೈತ. ಇಂದು ಜಹಗೀರು ಇಲ್ಲ. ಸತ್ತೇಗಾಲದ ಕಡೆಯ ಸೇತುವೆಗೂ 2018ರ ಪ್ರವಾಹ ಪೆಟ್ಟುಕೊಟ್ಟಿತು. ಆ ವರ್ಷವೂ ಮರುವರ್ಷವೂ ದಾಸನಪುರದಂಥ ನದೀತೀರದ ಊರುಗಳಿಗೆ ನೀರು ನುಗ್ಗಿದ್ದನ್ನು ಈ ಸೀಮೆಯವರಿಗೆ ನಾವು ನೆನಪಿಸಬೇಕಾಗಿಲ್ಲ.

ಇಂದಿನ ಮಳಿಗೆಯ ಮಾಲೀಕನಿಗೆ ಜಾಮೀನು ಯಾರು? ಟೀ ಕಾಯಿಸುವವನು, ಪಂಕ್ಚರ್ ಹಾಕುವವನು, ಮಲೆ ಮಹದೇಶ್ವರನ ಯಾತ್ರಿಕರಿಗೆ ಬಾಳೆಹಣ್ಣು ಮಾರುವ ಹೆಂಗಸು. ಸಾಲದ ಕಂತು ಕುತ್ತಿಗೆಗೆ ಬಂದಾಗ ಮಾಲೀಕ ಮೊದಲು ಕೈಹಾಕುವುದು ಇವರ ಬಾಡಿಗೆಗೆ, ಮುಂಗಡಕ್ಕೆ. ಅವರು ಅಂಗಡಿ ಬಿಟ್ಟೆದ್ದ ದಿನ ಬೀಗದ ಕೈಯೊಡನೆ ನಷ್ಟವೂ ಮಾಲೀಕನ ಕೈಗೇ ಬರುತ್ತದೆ. ಬಡವನ ಗಂಡಾಂತರವನ್ನು ಬಡವನಿಗೇ ದಾಟಿಸುವ ಈ ವ್ಯವಹಾರದಲ್ಲಿ ತಪ್ಪದೆ ಪಾವತಿಯಾಗುವುದು ಬ್ಯಾಂಕಿನ ಬಡ್ಡಿಯೊಂದೇ.

ಸಾಲವಿಲ್ಲದೆ, ಸ್ವಂತ ಉಳಿತಾಯದ ಒಂದು ಪಾಲಿನಿಂದ, ಖಾಲಿ ಬೀಳುವ ತಿಂಗಳುಗಳನ್ನು ಮೊದಲೇ ಕಳೆದು ಲೆಕ್ಕ ಹಾಕಿ ಕಟ್ಟುವವರು ಕಟ್ಟಲಿ. ಉಳಿದವರು ತಡೆಯುವುದು ಲೇಸು. ಭೂಪರಿವರ್ತನೆಯಾಗದ ಹೊಲದ ತುಂಡನ್ನು ನಿವೇಶನವೆಂದು ಮಾರುವವರಿಗಂತೂ ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬಾರದು.

ಇನ್ನು ಅಧಿಕಾರಿಗಳಿಗೆ ಒಂದು ಮಾತು. ಹೆದ್ದಾರಿ ಎಲ್ಲಿಯವರೆಗೆ ಅಗಲವಾಗುವುದು, ಎಲ್ಲಿ ಊರನ್ನು ಬಳಸಿ ಹೋಗುವುದು, ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತು, ಈ ವಿವರಗಳು ಕಚೇರಿಯ ಕಡತದಲ್ಲಿದ್ದು ದಲ್ಲಾಳಿಗಳಿಗೆ ಮೊದಲು, ಜನರಿಗೆ ಕೊನೆಗೆ ತಿಳಿಯುವುದು ಸಲ್ಲದು. ಅವುಗಳ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕೆಂದು ನಾವು ಒತ್ತಾಯಿಸುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ವಾಚಕರೂ ಇದನ್ನೇ ಕೇಳಲಿ.