ಆರಿಸಿದವರೇ ಹೊಣೆ ಹೊರಲಿ



ನಾಕೌಟ್ ಪಂದ್ಯದ ಹಿಂದಿನ ರಾತ್ರಿ ಆಡುವವರಿಗೆ ನಿದ್ದೆ ಬರುವುದಿಲ್ಲ. ನಮ್ಮ ಕಡೆ ಆಡದವರಿಗೂ ಬರುವುದಿಲ್ಲ. ಕೊಲ್ಹಾಪುರದ ಪೇಟೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಸ್ತಿಯ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡ ಕಟ್ಟಿದ ಊರು ಇದು. ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ ತಾಲೀಮಿಗೂ ದಿಲಬಹಾರ್ ತಾಲೀಮಿಗೂ ಪಂದ್ಯ ಇದೆಯೆಂದರೆ, ಚಹಾದಂಗಡಿಯಲ್ಲಿ ಹಿಂದಿನ ದಿನವೇ ಹನ್ನೊಂದು ಜನರ ಪಟ್ಟಿಯನ್ನು ಹತ್ತು ಸಲ ಬರೆದು ಹತ್ತು ಸಲ ಅಳಿಸಿರುತ್ತಾರೆ. ಗಡಹಿಂಗ್ಲಜದ ಫುಟ್‌ಬಾಲ್ ಹುಚ್ಚೂ ಕಡಿಮೆಯದಲ್ಲ. ಇಚಲಕರಂಜಿಯಲ್ಲಿ ಮಗ್ಗದ ಪಾಳಿ ಮುಗಿಸಿ ಬಂದವರೂ ಕೈಕಾಲು ತೊಳೆಯುವ ಮೊದಲು ಕೇಳುವುದು, "ನಾಳೆ ಯಾರನ್ನ ಇಳಸ್ತಾರಂತ?"

ನಮ್ಮ ಧರ್ಮಕೇಂದ್ರದ ಯುವಕರ ತಂಡದಲ್ಲೂ ಈಗ ಅದೇ ಜಗಳ. ಮೂರೂ ಊರುಗಳ ಹುಡುಗರು ಸೇರಿ ಕಟ್ಟಿದ ತಂಡ. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಮರಾಠಿ. ಬರುವ ಭಾನುವಾರ ಸೆಮಿಫೈನಲ್. ಪ್ರಶ್ನೆ ಒಂದೇ: ಗೋಲಿಗೆ ಯಾರು ನಿಲ್ಲಬೇಕು? ಎಂದಿನ ಗೋಲ್‌ಕೀಪರ್‌ನ ಬಲಗೈ ಬೆರಳು ಊದಿಕೊಂಡಿದೆ. "ಪಟ್ಟಿ ಸುತ್ತಿಕೊಂಡು ನಿಲ್ಲತೇನ್ರಿ" ಅನ್ನುತ್ತಾನೆ. ಇನ್ನೊಬ್ಬ ಹದಿನೇಳರ ಹುಡುಗ. ಕಳೆದ ವರ್ಷ ಕೊನೆಯ ನಿಮಿಷದಲ್ಲಿ ಅವನ ಕೈಯಿಂದ ಚೆಂಡು ಜಾರಿ ನಾವು ಸೋತಿದ್ದೆವು. ಮೊನ್ನೆ ಅವನ ಹೆಸರು ಬಂದ ಕೂಡಲೇ ಒಬ್ಬ ಎದ್ದು ನಿಂತು ಕೇಳಿದ: "ಅಣ್ಣಾ, ಮತ್ತ ಆಂವನ್ನ ನಿಲ್ಲಸ್ತೀರೇನ್ರಿ?"

ಕೇಳಿದ್ದು ತಪ್ಪಲ್ಲ. ಆದರೆ ಆ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. ಕಳೆದ ವರ್ಷ ಆ ಹುಡುಗನನ್ನು ಆರಿಸಿದ ಐದು ಜನರಲ್ಲಿ ನಾನೂ ಒಬ್ಬ. ಸೋತ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನ ಫೋಟೊಕ್ಕೆ ಬೆಣ್ಣೆ ಹಚ್ಚಿದ ಕೈ ಅಂಟಿಸಿ ಸ್ಟಿಕ್ಕರ್ ಮಾಡಿ ಹರಿಬಿಟ್ಟರು. ನಾನು ನೋಡಿದೆ, ನಗಲಿಲ್ಲ. ಆದರೆ "ಅವನನ್ನು ಆರಿಸಿದ್ದು ನಾವು, ಬೈಯುವುದಾದರೆ ನಮ್ಮನ್ನು ಬೈಯಿರಿ" ಎಂದು ಒಂದು ಸಾಲನ್ನೂ ಬರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಅವನು ಗುಂಪು ಬಿಟ್ಟಿದ್ದ. ಆಮೇಲೆ ಎಷ್ಟೋ ತಿಂಗಳು ಪೂಜೆಗೆ ಬಂದರೂ ಕೊನೆಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದ. ಅವನ ತಾಯಿ ಒಂದು ದಿನ ಬಾಗಿಲಲ್ಲಿ ನನ್ನನ್ನು ತಡೆದು, "ಏನಾಗೇತೋ ತಮ್ಮಾ ನಮ್ಮ ಹುಡುಗಗ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಈ ಬರಹ. ನಾಕೌಟ್ ಪಂದ್ಯಕ್ಕೆ ಅಪಾಯದ ಆಯ್ಕೆ ಮಾಡಬೇಕೋ ಬೇಡವೋ ಎಂದು ನಾವು ಗಂಟೆಗಟ್ಟಲೆ ವಾದಿಸುತ್ತೇವೆ. ಆ ಆಯ್ಕೆ ಕೆಟ್ಟರೆ ಹೊರೆ ಯಾರ ಹೆಗಲಿಗೆ ಎಂದು ಒಂದು ನಿಮಿಷವೂ ಮಾತಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ.

ಇದನ್ನು ನನಗೆ ಚೆನ್ನಾಗಿ ಕಲಿಸಿದ್ದು ನಾವು ಆಡದ ಆಟ ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಮೈದಾನದಲ್ಲಿ 15 ಜನ, ಬೆಂಚಿನಲ್ಲಿ 8 ಜನ. ಹದಿನೈದರಲ್ಲಿ ಎಂಟು ಜನ ಫಾರ್ವರ್ಡ್‌ಗಳು, ಅಂದರೆ ಹೆಗಲು ಕೊಟ್ಟು ತಳ್ಳುವ ಗಟ್ಟಿ ಆಳುಗಳು. ಅವರ ಮುಂದಿನ ಸಾಲಿನ ನಡುವೆ ನಿಲ್ಲುವವನು ಹುಕರ್. ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒಳಕ್ಕೆ ಎಸೆಯುವ ಕೆಲಸವೂ ಸಾಮಾನ್ಯವಾಗಿ ಅವನದೇ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

2023ರ ವಿಶ್ವಕಪ್ ಫ್ರಾನ್ಸಿನಲ್ಲಿ ನಡೆಯಿತು. ಟೂರ್ನಿ ಶುರುವಾದ ಮೇಲೆ ದಕ್ಷಿಣ ಆಫ್ರಿಕಾದ ಹುಕರ್ ಮಾಲ್ಕಮ್ ಮಾರ್ಕ್ಸ್ ಅಭ್ಯಾಸದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದರು. ಅವರ ಜಾಗಕ್ಕೆ ಇನ್ನೊಬ್ಬ ಹುಕರ್ ಬರುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಕೋಚ್ ಜಾಕ್ ನೀನಾಬರ್ ಮತ್ತು ನಿರ್ದೇಶಕ ರಾಸಿ ಎರಾಸ್ಮಸ್ ಕರೆಸಿದ್ದು ಹ್ಯಾಂಡ್ರೆ ಪೊಲಾರ್ಡ್ ಅವರನ್ನು. ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸುವುದರಲ್ಲಿ ನಿಸ್ಸೀಮರು, ಹುಕರ್ ಅಲ್ಲವೇ ಅಲ್ಲ. ಹೀಗಾಗಿ ತಂಡದಲ್ಲಿ ಪೂರ್ಣಪ್ರಮಾಣದ ಹುಕರ್ ಉಳಿದದ್ದು ಬೊಂಗಿ ಎಂಬೊನಾಂಬಿ ಒಬ್ಬರೇ. ಅವರಿಗೆ ಏನಾದರೂ ಆದರೆ, ಹಿಂದೆ ಹುಕರ್ ಆಗಿ ಆಡಿದ್ದ 37 ವರ್ಷದ ಡಿಯಾನ್ ಫೂರಿ ನಿಲ್ಲಬೇಕು. ಅದೂ ಸಾಲದೆಂಬಂತೆ ಫೈನಲ್‌ಗೆ ಬೆಂಚಿನ ಎಂಟು ಜನರಲ್ಲಿ ಏಳು ಮಂದಿ ಫಾರ್ವರ್ಡ್‌ಗಳನ್ನೇ ಕೂರಿಸಿದರು. ಹಿಂದಿನ ಸಾಲಿನ ಆಟಗಾರರಲ್ಲಿ ಇಬ್ಬರಿಗೆ ಪೆಟ್ಟಾಗಿದ್ದರೆ ಕಥೆ ಮುಗಿಯುತ್ತಿತ್ತು.

ಅಕ್ಟೋಬರ್ 28ರಂದು ಪ್ಯಾರಿಸ್ ಬಳಿ ನ್ಯೂಜಿಲೆಂಡ್ ಎದುರು ಫೈನಲ್. ಆಟ ಶುರುವಾಗಿ ಮೂರನೆಯ ನಿಮಿಷಕ್ಕೇ ಎಂಬೊನಾಂಬಿ ಮೊಣಕಾಲು ಹಿಡಿದುಕೊಂಡು ಹೊರನಡೆದರು! ಯಾವುದಾಗಬಾರದು ಎಂದು ಎಲ್ಲರೂ ಹೆದರಿದ್ದರೋ ಅದೇ ಆಯಿತು. ಉಳಿದ ಪಂದ್ಯವಿಡೀ ಫೂರಿ ಹೊತ್ತರು. ಹೊರಗಿನಿಂದ ಎಸೆಯುವ ಚೆಂಡಿನಲ್ಲಿ ತಂಡ ತಡವರಿಸಿತು, ನಿಜ. ಆದರೆ ದಕ್ಷಿಣ ಆಫ್ರಿಕಾ 12–11ರಿಂದ ಗೆದ್ದಿತು. ಆ ಹನ್ನೆರಡೂ ಅಂಕ ಬಂದದ್ದು ಪೊಲಾರ್ಡ್ ಅವರ ನಾಲ್ಕು ಒದೆತಗಳಿಂದ. ಒಂದೇ ಆಯ್ಕೆ ತಂಡವನ್ನು ಮುಳುಗಿಸುವ ಹತ್ತಿರವೂ ತಂದಿತು, ದಡಕ್ಕೂ ಮುಟ್ಟಿಸಿತು.

ಗೆದ್ದಮೇಲೆ ಎಲ್ಲರೂ ಜಾಣರೇ. ಒಂದು ಅಂಕ ಆಚೆ ಈಚೆ ಆಗಿದ್ದರೆ ಅದೇ ಕೋಚ್‌ಗಳನ್ನು ಜನ ಮೂರ್ಖರೆನ್ನುತ್ತಿದ್ದರು. ಆದ್ದರಿಂದ ಗೆದ್ದರು ಎಂಬುದು ನನ್ನ ಸಾಕ್ಷಿಯಲ್ಲ. ನಾನು ಗಮನಿಸಿದ್ದು ಬೇರೆ. ಆ ತೀರ್ಮಾನ ಮೊದಲೇ ಎಲ್ಲರೆದುರು ಆಗಿತ್ತು. ಅದನ್ನು ಟೀಕಿಸುವವರಿಗೆ ಟೀಕಿಸಲು ಸಮಯವಿತ್ತು. ಯಾರ ತೀರ್ಮಾನ ಎಂದು ಎಲ್ಲರಿಗೂ ಗೊತ್ತಿತ್ತು. ಸೋತಿದ್ದರೆ ಪ್ರಶ್ನೆ ಮೊದಲು ಹೋಗುತ್ತಿದ್ದದ್ದು ಫೂರಿಗಲ್ಲ, ಆರಿಸಿದವರಿಗೆ.

ಸೋತವರ ಕಥೆಯೂ ಕೇಳಿ. 2007ರ ವಿಶ್ವಕಪ್‌ಗೆ ಮೊದಲು ನ್ಯೂಜಿಲೆಂಡ್ ಕೋಚ್ ಗ್ರಹಾಂ ಹೆನ್ರಿ ಆಟಗಾರರನ್ನು ಸರದಿಯ ಮೇಲೆ ಆಡಿಸುವ ಪದ್ಧತಿ ತಂದಿದ್ದರು. ದೊಡ್ಡ ವಿವಾದವಾಗಿತ್ತು. ಕ್ವಾರ್ಟರ್ ಫೈನಲ್‌ನಲ್ಲೇ ಫ್ರಾನ್ಸಿಗೆ 18–20ರಿಂದ ಸೋತು ಮನೆಗೆ ಬಂದರು. ಹೆನ್ರಿಯವರನ್ನು ಕಿತ್ತುಹಾಕಿ ಎಂದು ಕೂಗೆದ್ದಿತು. ಆದರೂ ಅಲ್ಲಿಯ ಮಂಡಳಿ ಅವರನ್ನೇ ಮತ್ತೆ ನೇಮಿಸಿತು.

ಅದೇ ಹೆನ್ರಿಯವರ ತಂಡದಲ್ಲಿ ಸ್ಟೀಫನ್ ಡೊನಾಲ್ಡ್ ಎಂಬ ಆಟಗಾರ. 2010ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾ ಎದುರು ಕೊನೆಯ ಗಳಿಗೆಯಲ್ಲಿ ಎರಡು ಅಂಕಗಳಿಂದ ಸೋತಾಗ ಅಭಿಮಾನಿಗಳು ಪೂರ್ತಿ ಹೊರೆಯನ್ನು ಅವರ ತಲೆಗೆ ಕಟ್ಟಿದರು. 2011ರ ವಿಶ್ವಕಪ್ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ಟೂರ್ನಿಯ ನಡುವೆ ಆ ಜಾಗದ ಇಬ್ಬರು ಆಟಗಾರರು ಪೆಟ್ಟು ತಿಂದು ಹೊರಬಿದ್ದಾಗ ಕರೆ ಹೋಯಿತು. ಆಗ ಡೊನಾಲ್ಡ್ ನದಿಯಲ್ಲಿ ಮೀನು ಹಿಡಿಯುತ್ತಿದ್ದರಂತೆ. ಫೈನಲ್‌ನಲ್ಲಿ ಮೂರನೆಯವರೂ ಕುಂಟುತ್ತ ಹೊರಗೆ ಬಂದರು. ಮೈಗೆ ಬಿಗಿಯಾದ ಜೆರ್ಸಿ ತೊಟ್ಟುಕೊಂಡು ಒಳಗೆ ಹೋದ ಡೊನಾಲ್ಡ್ ಒಂದು ಪೆನಾಲ್ಟಿಯನ್ನು ಕಂಬಗಳ ನಡುವೆ ಕಳಿಸಿದರು. ನ್ಯೂಜಿಲೆಂಡ್ ಗೆದ್ದದ್ದು 8–7ರಿಂದ, ಒಂದೇ ಅಂಕದಿಂದ. ಒಂದು ವರ್ಷದ ಹಿಂದೆ ಇಡೀ ದೇಶ ಬೈದ ಕಾಲು ಅದು.

ಡೊನಾಲ್ಡ್ ಕಥೆ ಓದಿದಾಗ ನನಗೆ ನಮ್ಮ ಹುಡುಗನ ಜೊತೆ ಇನ್ನೊಬ್ಬ ಯುವಕ ನೆನಪಾಗುತ್ತಾನೆ. ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದ ಕೊನೆಯಲ್ಲಿರುವುದು ಒಂದು ತಂಡದ ಆಯ್ಕೆಯ ಜಗಳವೇ. ಮೊದಲ ಪ್ರಯಾಣದಲ್ಲಿ ಮಾರ್ಕ ನಡುವೆ ಕೈಬಿಟ್ಟು ಮನೆಗೆ ಹೋಗಿದ್ದ. ಎರಡನೆಯ ಪ್ರಯಾಣಕ್ಕೆ ಅವನು ಬೇಡ ಎಂದು ಪೌಲ, ಬೇಕು ಎಂದು ಬಾರ್ನಬ. ಮಾತು ಎಷ್ಟು ಬಿರುಸಾಯಿತೆಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಪೌಲನ ಕಾರಣ ಸಣ್ಣದಾಗಿರಲಿಲ್ಲ, ದಾರಿ ಕಠಿಣವಾಗಿತ್ತು. ಆದರೆ ಬಾರ್ನಬ ಬರೀ ವಾದ ಮಾಡಿ ಸುಮ್ಮನಾಗಲಿಲ್ಲ. ಮಾರ್ಕನನ್ನು ತಾನೇ ಜೊತೆಗೆ ಕರೆದುಕೊಂಡು ಸೈಪ್ರಸ್‌ಗೆ ಹೋದ. ಅಪಾಯದ ಆಯ್ಕೆ ಮಾಡಿದವನು ಅದೇ ಹಡಗು ಹತ್ತಿದ. ಮುಂದೆ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ ಎಂದು ಕೇಳುವವನು ಪೌಲನೇ.

"ದಯೆ ತೋರಿಸಲು ಪಂದ್ಯ ಆಡುತ್ತೇವೇನು? ಗೆಲ್ಲಲು ಆಡುತ್ತೇವೆ" ಎಂದು ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ. ಅಯ್ಯೋ ಪಾಪ ಎಂದು ಯಾರನ್ನೂ ಗೋಲಿಗೆ ನಿಲ್ಲಿಸಬಾರದು, ಅದು ಅವನಿಗೇ ಅವಮಾನ. ಈ ಹುಡುಗ ನಾಲ್ಕು ತಿಂಗಳಿಂದ ಮತ್ತೆ ಅಭ್ಯಾಸಕ್ಕೆ ಬರುತ್ತಿದ್ದಾನೆ. ಮಳೆಯ ದಿನವೂ ತಪ್ಪಿಸಿಲ್ಲ. ಎತ್ತರದ ಚೆಂಡು ಹಿಡಿಯುವುದರಲ್ಲಿ ನಮ್ಮಲ್ಲಿ ಅವನೇ ಮೇಲು. ಇದನ್ನು ನೋಡಿ ಆರಿಸಬೇಕು, ಕರುಣೆಯಿಂದಲ್ಲ.

ಇನ್ನು ಬೆರಳು ಊದಿದವನ ಮಾತು. ಫಲಿತಾಂಶವನ್ನು ಅಪಾಯಕ್ಕೆ ಒಡ್ಡಬಹುದು, ಹುಡುಗನ ಮೈಯನ್ನು ಒಡ್ಡಬಾರದು. ರಗ್ಬಿಯಂಥ ಒರಟು ಆಟದಲ್ಲೂ ತಲೆಗೆ ಪೆಟ್ಟಾಗಿ ಮಂಕಾದ ಲಕ್ಷಣ ಸ್ಪಷ್ಟವಾಗಿ ಕಂಡರೆ ಆಟಗಾರನನ್ನು ಆ ಪಂದ್ಯದಿಂದ ಪೂರ್ತಿ ಹೊರಗಿಡಬೇಕು. ಅಲ್ಲಿ ಕೋಚ್‌ನ ಧೈರ್ಯ, ಆಟಗಾರನ ಹಟ ಯಾವುದೂ ನಡೆಯುವುದಿಲ್ಲ. ನಮ್ಮಲ್ಲಿ ಅಂಥ ಡಾಕ್ಟರ್ ಇಲ್ಲ. ಆದ್ದರಿಂದ ನಾವೇ "ಬೇಡಪ್ಪಾ, ಕೂಡು" ಎನ್ನಬೇಕು. ನೋವು ಸಹಿಸುವವನೇ ಗಂಡಸು ಎಂಬ ಮಾತನ್ನು ನಮ್ಮ ಕಾಕಾ-ಮಾಮಾಗಳು ಗ್ಯಾಲರಿಯಿಂದ ಕೂಗುವುದನ್ನು ದಯವಿಟ್ಟು ಬಿಡಬೇಕು.

ಹಾಗಾಗಿ ನನ್ನ ಮತ ಹದಿನೇಳರ ಹುಡುಗನಿಗೆ. ಆದರೆ ಮೂರು ಮಾತಿನ ಮೇಲೆ. ಒಂದು, ಪಟ್ಟಿ ಹಾಕುವ ಮೊದಲು ಅವನನ್ನೇ ಕೇಳಬೇಕು: ನಿಲ್ಲುತ್ತೀಯಾ? ಬೇಡ ಅಂದರೆ ಅದಕ್ಕೂ ಮರ್ಯಾದೆ ಇರಬೇಕು. ಎರಡು, ಯಾಕೆ ಆರಿಸಿದೆವು ಎಂದು ಶನಿವಾರ ಸಂಜೆ ಎಲ್ಲರೆದುರು ಹೇಳಬೇಕು. ವಿರೋಧ ಇದ್ದವರು ಆಗಲೇ ಆಡಿ ಮುಗಿಸಲಿ. ಪಂದ್ಯ ಮುಗಿದ ಮೇಲೆ "ನಾ ಮೊದಲ ಹೇಳಿದ್ದೆ" ಎಂಬ ಮಾತು ಬರಬಾರದು. ಮೂರು, ಸೋತರೆ ಗುಂಪಿನಲ್ಲಿ ಮೊದಲ ಸಂದೇಶ ಆರಿಸಿದ ಐದು ಜನರದ್ದಾಗಿರಬೇಕು, ನಮ್ಮ ಹೆಸರುಗಳ ಸಮೇತ. ಗೆದ್ದರೆ ನಮ್ಮ ಹೆಸರು ಬೇಕಾಗಿಲ್ಲ.

ನಿನ್ನೆ ಸಂಜೆ ನಾನು ಅವನ ಮನೆಗೆ ಹೋಗಿದ್ದೆ. ಕಳೆದ ವರ್ಷ ಬರೆಯದ ಆ ಒಂದು ಸಾಲನ್ನು ಅವನ ಎದುರು, ಅವನ ತಾಯಿಯ ಎದುರು ಬಾಯಿಬಿಟ್ಟು ಹೇಳಿದೆ. ಅವನು ಏನೂ ಅನ್ನಲಿಲ್ಲ. ಹೊರಡುವಾಗ ಮಾತ್ರ ಕೇಳಿದ, "ಅಣ್ಣಾ, ಗ್ಲೌಸ್ ಹರದಾವು. ಹೊಸಾವು ಸಿಗತಾವೇನ್ರಿ?"

ಭಾನುವಾರ ಪೂಜೆಯ ನಂತರ ಎಲ್ಲರೂ ಮೈದಾನಕ್ಕೆ ಬನ್ನಿ. ಗೋಲಿನ ಹಿಂದೆ ನಾವು ಐದೂ ಜನ ನಿಂತಿರುತ್ತೇವೆ.