ಡೆನ್ಮಾರ್ಕ್‌ಗೆ ಕುಲುಮೆ ಹೆಚ್ಚಾಯಿತು

ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ಡೆನ್ಮಾರ್ಕ್, 2018ರಲ್ಲಿ ಹತ್ತಿರ ಹತ್ತಿರ 10 ಲಕ್ಷ ಟನ್ ಕಸವನ್ನು ಹೊರದೇಶಗಳಿಂದ ತರಿಸಿಕೊಂಡಿತು. ಬಹುಪಾಲು ಬಂದದ್ದು ಬ್ರಿಟನ್ ಮತ್ತು ಜರ್ಮನಿಯಿಂದ. ಅದನ್ನು ಸುಟ್ಟು, ಆ ಶಾಖದಲ್ಲಿ ಮನೆ ಬೆಚ್ಚಗೆ ಮಾಡಿಕೊಂಡಿತು. ಸ್ವಂತ ಕಸ ಸಾಲದೆ ನೆರೆಯವರ ಕಸಕ್ಕೆ ಕಾಯುವ ದೇಶದಲ್ಲಿ ಸುಡುವ ಸಾಮರ್ಥ್ಯ ಅತಿಯಾಗಿದೆಯೇ ಎಂದು ತೀರ್ಮಾನಿಸಲು ಇನ್ನೊಂದು ಸಮಿತಿ ಬೇಕಿಲ್ಲ. ಅತಿಯಾಗಿದೆ. ಅತಿಯಾಗುತ್ತದೆ ಎಂದು ಗೊತ್ತಿದ್ದೂ ಕಟ್ಟಿದರು ಎಂಬುದೇ ಇಲ್ಲಿನ ಮುಖ್ಯ ಆರೋಪ. ನಮ್ಮ ರಾಜ್ಯವೂ ಅದೇ ದಾರಿಗೆ ಕಾಲಿಟ್ಟಿರುವುದರಿಂದ ಈ ಆರೋಪಪಟ್ಟಿಯನ್ನು ವಿಧಾನಸೌಧದಲ್ಲೂ ಒಮ್ಮೆ ಓದುವುದು ಒಳ್ಳೆಯದು.

ಶುರುವಿನಲ್ಲಿ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಕೋಪನ್‌ಹೇಗನ್‌ಗೆ ಅಂಟಿಕೊಂಡಿರುವ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ ಕಸ ಸುರಿಯಲು ಜಾಗ ಸಿಗದಾದಾಗ, 1903ರಲ್ಲಿ ದೇಶದ ಮೊದಲ ಕಸದ ಕುಲುಮೆ ಹೊತ್ತಿತು. ಅದರ ಶಾಖ ಊರಿನ ಹೊಸ ಆಸ್ಪತ್ರೆಗೆ ಹೋಯಿತು. ಇಂದು ಆ ದೇಶದ ಸುಮಾರು ಮೂರನೇ ಎರಡರಷ್ಟು ಮನೆಗಳಿಗೆ ಚಳಿಗಾಲದ ಬಿಸಿ ಬರುವುದು ಬೀದಿಯಡಿಯ ಬಿಸಿನೀರಿನ ಪೈಪುಗಳಿಂದ. ಆ ನೀರು ಕಾಯಿಸುವುದರಲ್ಲಿ ಕಸಕ್ಕೂ ದೊಡ್ಡ ಪಾಲಿದೆ. ಸುಡಬಹುದಾದ ಕಸವನ್ನು ನೆಲದಲ್ಲಿ ಹೂಳುವುದನ್ನು 1997ರಲ್ಲಿ ಕಾನೂನೇ ನಿಷೇಧಿಸಿತು. ಬೆಂಗಳೂರು ಹೊರವಲಯದ ಮಂಡೂರಿನ ಕಸದ ಗುಡ್ಡದ ಪಕ್ಕ ಬಾಳಿದವರು ಯಾರೂ ಆ ನಿಷೇಧವನ್ನು ತಪ್ಪೆನ್ನಲಾರರು.

ಲೆಕ್ಕ ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಕುಲುಮೆಗೆ ಹೋಗಬೇಕಾದ್ದು ಉಳಿಕೆ ಕಸ. ಉಳಿಕೆ ಕಸ ಎಂದರೆ ಗೊಬ್ಬರವಾಗದ್ದು, ಮರುಬಳಕೆಗೂ ಬಾರದ್ದು, ಎಲ್ಲ ವಿಂಗಡಣೆ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು. ಜನ ಚೆನ್ನಾಗಿ ವಿಂಗಡಿಸಿದಷ್ಟೂ ಅದು ಕಡಿಮೆಯಾಗುತ್ತದೆ, ಆಗಬೇಕು. ಕುಲುಮೆ ಮಾತ್ರ ಮೂವತ್ತು ವರ್ಷಕ್ಕೆಂದು ಕಟ್ಟಿದ್ದು, ಅದರ ಹಸಿವು ಕಡಿಮೆಯಾಗುವುದಿಲ್ಲ. ಹೊಂಡದಲ್ಲಿ ಕಸ ಬೆಟ್ಟದಂತೆ ಬಿದ್ದಿರಬೇಕು. ಮೇಲಿನಿಂದ ಕ್ರೇನಿನ ಪಂಜ ಇಳಿದು ಒದ್ದೆಯದನ್ನೂ ಒಣಗಿದ್ದನ್ನೂ ಕಲಸಿ ಎತ್ತಿ ಬಾಯಿಗೆ ಹಾಕುತ್ತಿರಬೇಕು. ಒಳಗೆ ಸಾವಿರ ಡಿಗ್ರಿಯ ಆಸುಪಾಸಿನ ಬೆಂಕಿ ಹಗಲಿರುಳೂ ಒಂದೇ ಸಮ ಉರಿಯುತ್ತಿರಬೇಕು. ಅರ್ಧ ಹೊಟ್ಟೆಗೆ ಓಡಿಸಿದರೂ ಸಾಲದ ಕಂತು, ಸಂಬಳ, ಹೊಗೆ ತೊಳೆಯುವ ಯಂತ್ರಗಳ ಖರ್ಚು ಅರ್ಧವಾಗುವುದಿಲ್ಲ. ಐವತ್ತು ಜನರ ಮನೆಯಲ್ಲಿ ಐನೂರು ಜನರ ಕೊಪ್ಪರಿಗೆ ಒಲೆಗೇರಿಸಿ, ಆಮೇಲೆ ಊರಿನ ಮನೆಮನೆಗೂ ಅಕ್ಕಿ ಬೇಡಲು ಹೋದಂತೆ.

ಇದಕ್ಕೆ ಹೊಣೆ ಯಾರು? ಖಾಸಗಿ ಕಂಪನಿಗಳನ್ನು ಬೈಯುವುದು ಸುಲಭ. ಡೆನ್ಮಾರ್ಕಿನಲ್ಲಿ ಆ ಸುಲಭವೂ ಇಲ್ಲ. ಅಲ್ಲಿನ ಬಹುತೇಕ ಘಟಕಗಳ ಒಡೆಯರು ನಗರಸಭೆಗಳೇ. ದಶಕಗಳ ಕಾಲ ಅವು ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ನಿಯಮದಡಿ ನಡೆದವು. ಖರ್ಚೆಷ್ಟಾದರೂ ಕಸದ ಶುಲ್ಕಕ್ಕೋ ಬಿಸಿನೀರಿನ ಬಿಲ್ಲಿಗೋ ಸೇರಿಸಿಬಿಡಬಹುದು. ಕೇಳಲು ಒಳ್ಳೆಯ ನಿಯಮ. ಆದರೆ ಗಾತ್ರ ಹೆಚ್ಚಾಯಿತೆಂದು ಹೆದರಬೇಕಾದ ಒಬ್ಬನೂ ಕೋಣೆಯಲ್ಲಿ ಇರದಂತೆ ಅದು ನೋಡಿಕೊಂಡಿತು. ಎಷ್ಟೋ ನಗರಸಭೆಗಳು ತಮ್ಮದೇ ಕುಲುಮೆ ಬೇಕೆಂದವು. ಅರವತ್ತು ಲಕ್ಷ ಜನರ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಘಟಕಗಳಾದವು.

ಇದರ ಪರಾಕಾಷ್ಠೆ ಕೋಪನ್‌ಹೇಗನ್‌ನ ಅಮಾಗರ್ ಬಾಕೆ. ಐದು ನಗರಸಭೆಗಳ ಒಡೆತನದ, ಸುಮಾರು 400 ಕೋಟಿ ಕ್ರೋನರ್ ವೆಚ್ಚದ ಈ ಘಟಕ 2017ರಲ್ಲಿ ಕೆಲಸ ಶುರುಮಾಡಿತು. ವಾಸ್ತುಶಿಲ್ಪಿ ಬ್ಯಾರ್ಕೆ ಇಂಗೆಲ್ಸ್ ಅದರ ಚಾವಣಿಯನ್ನೇ ಇಳಿಜಾರಾಗಿಸಿ, ಮೇಲೆ ಹಸಿರು ಪ್ಲಾಸ್ಟಿಕ್ ಹಾಸು ಹೊದಿಸಿ, ಜನ ಸ್ಕೀಯಿಂಗ್ ಮಾಡುವಂತೆ ವಿನ್ಯಾಸ ಮಾಡಿದರು. 2019ರಲ್ಲಿ ಅದು ತೆರೆದುಕೊಂಡಿತು. ಜಗತ್ತಿನ ಪತ್ರಿಕೆಗಳು ಚಿತ್ರ ಹಾಕಿ ಕೊಂಡಾಡಿದವು. ಪ್ಲಾಸ್ಟಿಕ್ ಸುಡುವ ಕಟ್ಟಡದ ತಲೆಗೆ ಹಸಿರು ಪ್ಲಾಸ್ಟಿಕ್ಕಿನ ಟೊಪ್ಪಿಗೆ! ವ್ಯಂಗ್ಯಚಿತ್ರಕಾರನೂ ಇಷ್ಟು ಚೆನ್ನಾಗಿ ಬರೆಯಲಾರ.

ಚಿತ್ರದಲ್ಲಿ ಕಾಣದ ಸಂಗತಿಯೆಂದರೆ, ಈ ಯೋಜನೆ ಕಾಗದದ ಮೇಲಿದ್ದಾಗಲೇ ಅತಿ ದೊಡ್ಡದಾಯಿತು ಎಂಬ ಆಕ್ಷೇಪ ಬಂದಿತ್ತು. 2012ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಹೊರಗಿನ ಕಸ ತರಬಾರದು ಎಂಬ ಮಾತಿನ ಮೇಲೆ. ವರ್ಷಕ್ಕೆ ನಾಲ್ಕು ಲಕ್ಷ ಟನ್ ಸುಡುವ ಲೆಕ್ಕ. ಕಟ್ಟಡ ಮುಗಿಯುವ ಮೊದಲೇ ಲೆಕ್ಕ ಕೈಕೊಟ್ಟಿತು. ಘಟಕ ನಡೆಸುವ ಸಂಸ್ಥೆಯನ್ನು ಸಾಲದಿಂದ ಉಳಿಸಲು 2016ರಲ್ಲಿ ಆಮದಿಗೆ ಬಾಗಿಲು ತೆರೆದರು. ಆಮೇಲೆ ಸುಡುವ ಮಿತಿಯನ್ನೇ ಹೆಚ್ಚಿಸಿಕೊಂಡರು. 2025ರೊಳಗೆ ಇಂಗಾಲಮುಕ್ತವಾಗುವ ಮೊದಲ ರಾಜಧಾನಿ ಎಂದು ಡಂಗುರ ಸಾರಿದ್ದ ಕೋಪನ್‌ಹೇಗನ್, 2022ರಲ್ಲಿ ಆ ಗುರಿ ತಲುಪಲಾಗದು ಎಂದು ಒಪ್ಪಿಕೊಂಡಿತು. ಇದೇ ಘಟಕದ ಚಿಮಣಿಯಲ್ಲಿ ಇಂಗಾಲ ಹಿಡಿಯುವ ಯಂತ್ರಕ್ಕೆ ಸರ್ಕಾರದ ಹಣ ಸಿಗದೇ ಹೋದದ್ದು ಅದಕ್ಕೆ ಕಾರಣ. ಗಾತ್ರ ಹೆಚ್ಚಿಸಿ ತಂದುಕೊಂಡ ಹೊಗೆಯನ್ನು ಹಿಡಿಯಲು ಮತ್ತೆ ಜನರ ದುಡ್ಡೇ ಬೇಕಾಯಿತು.

ಹೊರಗಿನ ಕಸ ತಂದು ಸುಡುವುದಕ್ಕೆ ಸಮರ್ಥನೆಗಳಿಲ್ಲವೆಂದಲ್ಲ. ಬ್ರಿಟನ್ನಿನ ಕಸ ಅಲ್ಲಿಯೇ ಹೂತಿದ್ದರೆ ಕೊಳೆತು ಮೀಥೇನ್ ಬಿಡುತ್ತಿತ್ತು. ಡೆನ್ಮಾರ್ಕಿಗೆ ಬಂದದ್ದರಿಂದ ಶಾಖವಾಯಿತು, ಜೊತೆಗೆ ಕಸ ಕಳಿಸಿದವರು ದುಡ್ಡನ್ನೂ ಕೊಟ್ಟರು ಎನ್ನುತ್ತಾರೆ. ಅಲ್ಪಾವಧಿಗೆ ಮಾತ್ರ ಇದು ಸರಿ. ಆದರೆ ಕಸದೊಳಗಿನ ಪ್ಲಾಸ್ಟಿಕ್ ಸುಡುವುದೆಂದರೆ ಪೆಟ್ರೋಲಿಯಂ ಸುಡುವುದೇ. ದೇಶದ ವಿದ್ಯುತ್ ಗಾಳಿಯಂತ್ರಗಳಿಂದ ಬರತೊಡಗಿದಷ್ಟೂ ಕಸದ ಶಾಖ ಹೋಲಿಕೆಯಲ್ಲಿ ಕೊಳಕಾಗುತ್ತ ಹೋಗುತ್ತದೆ. ಇನ್ನೊಂದು, ಹತ್ತಿರದಲ್ಲಿ ಸುಡುವವನೊಬ್ಬ ಸಿದ್ಧನಿದ್ದರೆ ಕಳಿಸುವ ಊರು ವಿಂಗಡಣೆಗೆ ಏಕೆ ಬೆವರು ಹರಿಸುತ್ತದೆ? ಅತಿ ಸಾಮರ್ಥ್ಯ ತನ್ನ ಊರನ್ನಷ್ಟೇ ಅಲ್ಲ, ನೆರೆಯೂರನ್ನೂ ಸೋಮಾರಿ ಮಾಡುತ್ತದೆ.

ಡೆನ್ಮಾರ್ಕಿನ ಸಂಸತ್ತು 2020ರ ಜೂನ್‌ನಲ್ಲಿ ಕೊನೆಗೂ ಒಪ್ಪಿಕೊಂಡಿತು: ಸುಡುವ ಸಾಮರ್ಥ್ಯವನ್ನು ಸುಮಾರು ಶೇ 30ರಷ್ಟು ಇಳಿಸಬೇಕು, ದೇಶದ ಸ್ವಂತ ಕಸಕ್ಕೆ ಹೊಂದಿಸಬೇಕು, ಮನೆಗಳಲ್ಲಿ ಹತ್ತು ಬಗೆಯಾಗಿ ವಿಂಗಡಿಸಬೇಕು, 2030ರ ಹೊತ್ತಿಗೆ ಸುಡುವ ಕಸದಿಂದ ಶೇ 80ರಷ್ಟು ಪ್ಲಾಸ್ಟಿಕ್ ಹೊರಗೆ ಬರಬೇಕು. ನಿರ್ಧಾರ ಒಳ್ಳೆಯದೇ, ಧೈರ್ಯ ಸಾಲಲಿಲ್ಲ. ಯಾವ ಘಟಕ ಮುಚ್ಚಬೇಕೆಂಬ ಪಟ್ಟಿ ಮಾಡಲು ಹೊರಟವರು, ಪ್ರತಿ ಊರೂ ತನ್ನ ಕುಲುಮೆ ಬಿಡೆನೆಂದಾಗ, ಪಟ್ಟಿಯನ್ನು ಬದಿಗಿಟ್ಟು ಟೆಂಡರ್ ಪೈಪೋಟಿಗೆ ಬಿಟ್ಟುಕೊಟ್ಟರು. ಕಟ್ಟುವಾಗ ರಿಬ್ಬನ್ ಕತ್ತರಿಸಲು ನೂಕುನುಗ್ಗಲು. ಮುಚ್ಚುವಾಗ ಕತ್ತರಿ ಹಿಡಿಯುವವರಿಲ್ಲ. ವೇಲ್ಸ್ ಈ ಪಾಠ ಬೇಗ ಕಲಿತು 2021ರಲ್ಲಿ ದೊಡ್ಡ ಹೊಸ ಘಟಕಗಳಿಗೆ ತಡೆ ಹಾಕಿತು.

ಇದೇ ಡೆನ್ಮಾರ್ಕ್ ಮೂಲಕ ಭಾರತಕ್ಕೂ ಒಮ್ಮೆ ಪೆಟ್ಟು ಬಿದ್ದಿದೆ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡ್ಯಾನಿಶ್ ಕಂಪನಿ ವೋಲುಂಡ್, ದಿನಕ್ಕೆ 300 ಟನ್ ಸುಟ್ಟು 3.75 ಮೆಗಾವಾಟ್ ವಿದ್ಯುತ್ ತೆಗೆಯುವ ಘಟಕ ಕಟ್ಟಿತು. ಅದು ನಡೆದದ್ದು 21 ದಿನ. ದೆಹಲಿಯ ಕಸದಲ್ಲಿ ತರಕಾರಿ ಸಿಪ್ಪೆ, ಮಣ್ಣು, ನೀರೇ ಹೆಚ್ಚು. ವಿನ್ಯಾಸಕ್ಕೆ ಬೇಕಿದ್ದ ಶಾಖದ ಅರ್ಧದಷ್ಟೂ ಅದರಲ್ಲಿರಲಿಲ್ಲ. ಉರಿಯಲೊಲ್ಲದ ಕಸಕ್ಕೆ ಕುಲುಮೆ ಕಟ್ಟಿ ಕೋಟ್ಯಂತರ ರೂಪಾಯಿ ತುಕ್ಕು ಹಿಡಿಯಿತು. ಅದೇ ವೋಲುಂಡ್ ಹೆಸರಿನ ಕಂಪನಿ ಮುಂದೆ ಅಮಾಗರ್ ಬಾಕೆಯ ಕುಲುಮೆಗಳನ್ನೂ ಕಟ್ಟಿಕೊಟ್ಟಿತು. ಅಲ್ಲಿ ಕಸ ಸಾಲಲಿಲ್ಲ, ಇಲ್ಲಿ ಕಸ ಉರಿಯಲಿಲ್ಲ. ಎರಡೂ ಕಡೆ, ಕಸ ಎಷ್ಟಿದೆ, ಎಂಥದ್ದು ಎಂದು ಸರಿಯಾಗಿ ಅಳೆಯುವ ಮೊದಲು ಯಂತ್ರಕ್ಕೆ ಆರ್ಡರ್ ಹೋಗಿತ್ತು.

ಈಗ ಬೆಂಗಳೂರಿಗೆ ಬರೋಣ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಆಗಿನ ಬಿಬಿಎಂಪಿ ಸೇರಿ ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ತೆಗೆಯುವ ಘಟಕಕ್ಕೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆಯಿತು. ದಿನಕ್ಕೆ ಐದು ಸಾವಿರ ಟನ್ನಿಗೂ ಮೀರಿ ಕಸ ಹುಟ್ಟುವ ಊರಿಗೆ 600 ಟನ್ ಏನು ಮಹಾ, ಇನ್ನೂ ನಾಲ್ಕು ಕಟ್ಟಿದರಾಯಿತು ಎಂಬ ಮಾತು ಸಹಜವಾಗಿಯೇ ಹುಟ್ಟುತ್ತದೆ. ಈ ಮಾತನ್ನು ಮೊಳಕೆಯಲ್ಲೇ ಚಿವುಟಬೇಕು. ಆ ಐದು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದು ಗೊಬ್ಬರಕ್ಕೆ, ಗ್ಯಾಸಿಗೆ ಹೋಗಬೇಕಾದ್ದು. ಒಣ ಕಸದಲ್ಲಿ ರಟ್ಟು, ಬಾಟಲಿ, ಲೋಹ, ಗಟ್ಟಿ ಪ್ಲಾಸ್ಟಿಕ್ಕನ್ನು ಚಿಂದಿ ಆಯುವವರೂ ಒಣ ತ್ಯಾಜ್ಯ ಕೇಂದ್ರಗಳೂ ಎತ್ತಿಕೊಂಡರೆ ಮಿಕ್ಕುವುದು ಎಷ್ಟು? ಆ ಮಿಕ್ಕಿದ್ದೊಂದೇ ಕುಲುಮೆಯ ಪಾಲು. ಐದು ಸಾವಿರವನ್ನು ಮುಂದಿಟ್ಟು ಕುಲುಮೆಯ ಅಳತೆ ತೆಗೆಯುವವನು ಅಮಾಗರ್ ಬಾಕೆಯ ಲೆಕ್ಕವನ್ನೇ ನಕಲು ಹೊಡೆಯುತ್ತಿದ್ದಾನೆ.

ವಿಂಗಡಣೆ ಆಗುತ್ತಿಲ್ಲವಲ್ಲ, ಹಾಗಾಗಿ ಎಲ್ಲವನ್ನೂ ಸುಡೋಣ ಎಂಬ ವಾದವಂತೂ ಕೇಳಲೂ ನಾಚಿಕೆ. ಎರಡು ಡಬ್ಬಿ, ಒಂದು ಚೀಲ ಇಟ್ಟು ವಿಂಗಡಿಸಬೇಕು ಎಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಇಂದಿಗೂ ಎಷ್ಟೋ ಬೀದಿಗಳಲ್ಲಿ ಗೃಹಿಣಿಯರು ಹಸಿ, ಒಣ ಎಂದು ಬೇರೆ ಮಾಡಿ ಕೊಟ್ಟದ್ದನ್ನು ಕಸದ ಆಟೊದವರು ತಿರುವಿನಲ್ಲಿ ಕಾಯುವ ಕಾಂಪ್ಯಾಕ್ಟರಿನ ಬಾಯಿಗೆ ಒಟ್ಟಿಗೆ ಸುರಿಯುತ್ತಾರೆ. ಕೆಳಗೆ ರಸ್ತೆಯುದ್ದಕ್ಕೂ ಕಪ್ಪು ನೀರು ಸೋರುತ್ತದೆ. ಹಸಿ ಕಸಕ್ಕೆಂದು ಕಟ್ಟಿದ ಘಟಕಗಳಲ್ಲಿ ಕೆಲವು ವಾಸನೆಯ ಕಾರಣಕ್ಕೆ, ನಿರ್ವಹಣೆಯ ಕೊರತೆಗೆ, ಸುತ್ತಲ ನಿವಾಸಿಗಳ ಪ್ರತಿಭಟನೆಗೆ ಸಿಕ್ಕು ನಿಂತುಹೋದವು. ಬೆಂಗಳೂರಿಗೆ ಸಾಮರ್ಥ್ಯ ಕಡಿಮೆ ಇರುವುದು ಇಲ್ಲಿ. ಕಡಿಮೆ ಇರುವ ಕಡೆ ಬಿಟ್ಟು, ಹೆಚ್ಚಾಗುವ ಕಡೆ ಕೋಟಿಗಳನ್ನು ಸುರಿಯುವುದಕ್ಕೆ ಆಡಳಿತ ಎನ್ನುವುದಿಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಮಾಡಬೇಕಾದ್ದು ಇಷ್ಟು. ದಿನಕ್ಕೆ ಇಂತಿಷ್ಟು ಟನ್ ಕಸ ಕೊಟ್ಟೇ ತೀರುತ್ತೇವೆ, ಕೊಡದಿದ್ದರೆ ದಂಡ ಕಟ್ಟುತ್ತೇವೆ ಎಂಬ ಷರತ್ತು ಕಸ ಸುಡುವ ಯಾವ ಒಪ್ಪಂದದಲ್ಲೂ ಇರಕೂಡದು. ಆ ಒಂದು ಸಾಲು ಮೂವತ್ತು ವರ್ಷ ವಿಂಗಡಣೆಯನ್ನು ಕೊಲ್ಲುತ್ತದೆ. ಬಿಡದಿ ಘಟಕದ ಲೆಕ್ಕ ಪ್ರತಿ ತಿಂಗಳೂ ಜನರ ಮುಂದೆ ಬರಬೇಕು: ಎಷ್ಟು ಟನ್ ಬಂತು, ಅದರಲ್ಲಿ ನೀರೆಷ್ಟು, ಎಷ್ಟು ಯೂನಿಟ್ ವಿದ್ಯುತ್ ಹುಟ್ಟಿತು, ಎಷ್ಟು ಬೂದಿ ಉಳಿಯಿತು, ಆ ಬೂದಿ ಯಾವ ಊರಿಗೆ ಹೋಯಿತು. ಪೂರ್ತಿ ಒಂದು ವರ್ಷದ ಈ ಲೆಕ್ಕ ವಿಧಾನಮಂಡಲದ ಮೇಜಿನ ಮೇಲೆ ಬರುವವರೆಗೆ ಎರಡನೇ ಕುಲುಮೆಯ ಕಡತಕ್ಕೆ ಸಂಪುಟ ಸಹಿ ಹಾಕಬಾರದು.