ಹೊಳೆಮೀನು ಸಾಕುವವರಲ್ಲಿ ಒಂದು ಕಳಕಳಿಯ ಮನವಿ

ಹೊಳೆಯ ಮೀನು ಗಾಜಿನ ತೊಟ್ಟಿಗೆ ಬಂದಾಗ ಅದರ ಜೊತೆಗೆ ಎರಡು ಹೊಣೆಗಳೂ ಮನೆಯೊಳಗೆ ಬರುತ್ತವೆ. ಒಂದು, ಆ ಜೀವವನ್ನು ಅದರ ಆಯುಸ್ಸು ಇರುವಷ್ಟು ಕಾಲ ಸರಿಯಾಗಿ ನೋಡಿಕೊಳ್ಳುವುದು. ಇನ್ನೊಂದು, ಅದು ಹುಟ್ಟಿದ ನೀರನ್ನು ಕೆಡಿಸದಿರುವುದು. ಚೆನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮನೆಯಲ್ಲಿ ಎರಡು ಮೂರು ಅಕ್ವೇರಿಯಂ ಇಟ್ಟುಕೊಂಡಿರುವ ಹವ್ಯಾಸಿಗಳಲ್ಲಿ, ಹೊಸದಾಗಿ ಇಡಬೇಕೆಂದಿರುವ ಕುಟುಂಬಗಳಲ್ಲಿ, ಮೀನು ಮಾರುವ ಅಂಗಡಿಯವರಲ್ಲಿ ಮಾಡುವ ಮನವಿಯ ಸಾರ ಇಷ್ಟೇ: ಹೊಳೆಯಿಂದ ತೊಟ್ಟಿಗೆ ತರುವ ಮೊದಲು ಹತ್ತು ಸಲ ಯೋಚಿಸಬೇಕು, ತೊಟ್ಟಿಯಿಂದ ಹೊಳೆಗೆ, ಕೆರೆಗೆ, ನಾಲೆಗೆ ಏನನ್ನೂ ಬಿಡಬಾರದು.

ಈ ನಾಲ್ಕು ತಾಲ್ಲೂಕುಗಳ ನೀರು ಒಂದಕ್ಕೊಂದು ಕೂಡಿಕೊಂಡಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ಸೀಮೆಯನ್ನು ಹಾದು ಹರಿಹರದ ಕಡೆಗೆ ಹರಿಯುತ್ತದೆ. ಚೆನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ಕೋಡಿ ನೀರು ಹರಿದ್ರಾ ಹಳ್ಳವಾಗಿ ಹರಿದು ಹರಿಹರದ ಬಳಿ ಅದೇ ಹೊಳೆಗೆ ಸೇರುತ್ತದೆ. ಬಯಲುಸೀಮೆಯ ಜಗಳೂರಿನ ಚಿನ್ನ ಹಗರಿ ವರ್ಷದ ಬಹುಭಾಗ ಒಣಗಿದ್ದರೂ ಮಳೆ ಬಂದಾಗ ಹಗರಿಯ ಮೂಲಕ ತುಂಗಭದ್ರೆಯನ್ನೇ ಮುಟ್ಟುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ತುಂಗಭದ್ರೆಯ ನೀರು ಜಗಳೂರು ಕಡೆಯ ಕೆರೆಗಳಿಗೂ ಹರಿದಿದೆ. ಹೀಗಾಗಿ ಒಂದು ಊರಿನ ಹಳ್ಳಕ್ಕೆ ಬಿಟ್ಟ ಹೊರಗಿನ ಮೀನಿನ ಸಂತಾನ ಆ ಊರಿನಲ್ಲೇ ಉಳಿಯುತ್ತದೆ ಎಂದು ಯಾರೂ ಹೇಳಲಾರರು.

ಹವ್ಯಾಸಿಗಳ ಮನಸ್ಸು ಸೆಳೆಯುವ ಹೊಳೆಮೀನುಗಳಲ್ಲಿ ಲೋಚ್‌ಗಳಿಗೆ ವಿಶೇಷ ಸ್ಥಾನವಿದೆ. ಇವು ತಳದಲ್ಲಿ ಬಾಳುವ ಸಣ್ಣ ಮೀನುಗಳು. ಬಾಯಿಯ ಸುತ್ತ ಮೀಸೆಗಳಿರುತ್ತವೆ. ಅವುಗಳಿಂದ ಮರಳನ್ನು, ಕಲ್ಲಿನ ಸಂದನ್ನು ತಡಕಿ ಹುಳುಹುಪ್ಪಟೆ ಹುಡುಕುತ್ತವೆ. ಕೆಲವು ಜಾತಿಗಳು ಮರಳಿನೊಳಗೆ ಹೂತುಕೊಂಡು ಕಣ್ಣಷ್ಟೇ ಹೊರಗಿಡುತ್ತವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮೇಲೆ ಬಂದು ಗಾಳಿ ನುಂಗಿ, ಕರುಳಿನ ಮೂಲಕ ಉಸಿರಾಡುವ ಜಾತಿಗಳೂ ಇವೆ.

ಲೋಚ್‌ಗಳ ಪೈಕಿ ಅಂಗಡಿಗಳಲ್ಲಿ ಜೀಬ್ರಾ ಲೋಚ್ ಎಂದು ಕರೆಯುವ ಪಟ್ಟೆಪಟ್ಟೆಯ ಮೀನು ಜಗತ್ತಿನಾದ್ಯಂತ ಹೆಸರಾಗಿದೆ. ಇದು ಈ ಸೀಮೆಯ ನದಿಯದೇ ಕೂಸು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅವರು ತುಂಗಾ ನದಿಯಲ್ಲಿ ಸಿಕ್ಕ ಮಾದರಿಗಳನ್ನು ನೋಡಿ 1920ರಲ್ಲಿ ಇದಕ್ಕೆ ಬೋಟಿಯಾ ಸ್ಟ್ರಯೇಟಾ ಎಂಬ ಶಾಸ್ತ್ರೀಯ ಹೆಸರು ಕೊಟ್ಟರು. ಮುಂದೆ 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರೂ ಅವರೇ. ಸುಮಾರು 8 ಸೆಂಟಿಮೀಟರ್ ಬೆಳೆಯುವ ಈ ಮೀನು ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ನೆಲೆ ಹಾಳಾಗಿರುವುದರ ಜೊತೆಗೆ ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿಯುವುದೂ ಇದಕ್ಕೆ ಕಾರಣ. ಇದು ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ತೀರ ಅಪರೂಪ. ಹಾಗಾಗಿ ಒಂದು ಕೊಂಡರೆ, ಬಹುಮಟ್ಟಿಗೆ ಒಂದು ಹೊಳೆಯಿಂದ ಕಡಿಮೆಯಾದಂತೆ. ಹೊಳೆಯಲ್ಲಿ ಹಿಡಿದ ಜೀಬ್ರಾ ಲೋಚನ್ನು ಕೊಳ್ಳಬಾರದು, ಮಾರಬಾರದು, ಸ್ವತಃ ಹಿಡಿಯಲೂ ಬಾರದು ಎಂಬುದು ಮೊದಲ ಕೋರಿಕೆ.

ಹೊಳೆಮೀನಿನ ಆಸೆ ಇರುವವರಿಗೆ ಬೇರೆ ದಾರಿಗಳಿವೆ. ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸಿದ ಬಾರ್ಬ್, ಡ್ಯಾನಿಯೋ ಜಾತಿಗಳು ಸುಲಭವಾಗಿ ಸಿಗುತ್ತವೆ, ಗಟ್ಟಿಯಾಗಿ ಬಾಳುತ್ತವೆ. ಅಂಗಡಿಯಲ್ಲಿ ‘ಇದು ಸಾಕಣೆಯದೋ, ಹೊಳೆಯದೋ’ ಎಂದು ಕೇಳುವ ಅಭ್ಯಾಸ ಗಿರಾಕಿಗಳಲ್ಲಿ ಬೆಳೆದರೆ, ಆ ಉತ್ತರವನ್ನು ತಿಳಿದಿರಬೇಕಾದ ಅಗತ್ಯ ಅಂಗಡಿಯವರಿಗೂ ಬರುತ್ತದೆ.

ತೊಟ್ಟಿಗಳು ಹಲವಿದ್ದರೆ ಒಂದೊಂದಕ್ಕೂ ಒಂದು ಕೆಲಸ ಇರಬೇಕು. ತಳದ ಮೀನುಗಳಿಗೆ ಒಂದು, ಮೇಲ್ನೀರಿನಲ್ಲಿ ಗುಂಪಾಗಿ ಈಜುವವಕ್ಕೆ ಒಂದು, ಹೊಸದಾಗಿ ತಂದವನ್ನು ಮೂರು ನಾಲ್ಕು ವಾರ ಬೇರೆಯಾಗಿ ಇಡಲು ಸಣ್ಣದೊಂದು. ಈ ಮೂರನೆಯ ತೊಟ್ಟಿಯನ್ನು ಹೆಚ್ಚಿನವರು ಇಡುವುದಿಲ್ಲ. ರೋಗ ಮನೆಯ ಎಲ್ಲ ತೊಟ್ಟಿಗಳಿಗೂ ಹಬ್ಬುವುದು ಇದೇ ಕಾರಣದಿಂದ. ಬಲೆ, ಪೈಪು, ಬಕೆಟ್ಟುಗಳೂ ಆ ತೊಟ್ಟಿಗೆ ಬೇರೆಯೇ ಇರಬೇಕು. ತೂಕದ ಲೆಕ್ಕವೂ ಮುಖ್ಯ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ನೀರೇ ಸುಮಾರು 190 ಕಿಲೋ ತೂಗುತ್ತದೆ; ಗಾಜು, ಕಲ್ಲು, ಮರಳು ಬೇರೆ. ಇಂಥ ಹಲವು ತೊಟ್ಟಿಗಳನ್ನು ಹಳೆಯ ಮನೆಯ ಅಟ್ಟದ ಮೇಲೆ ಅಥವಾ ಒಂದೇ ಗೋಡೆಯ ಉದ್ದಕ್ಕೆ ಇಡುವ ಮೊದಲು ಕಟ್ಟಡ ಬಲ್ಲವರನ್ನು ಕೇಳಬೇಕು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದು ಅತಿ ಸಾಮಾನ್ಯ ತಪ್ಪು. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೇಟ್ ಆಗಿ ಬದಲಿಸುತ್ತದೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಹೆಚ್ಚಾದಾಗ ಮಾತ್ರ ಅಪಾಯ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಕಾಯಬೇಕು, ಅನಂತರ ವಾರಕ್ಕೊಮ್ಮೆ ನೀರಿನ ಕಾಲು ಭಾಗ ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಬೇಕು. ಪಟ್ಟಣದ ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಹಾಕಿಯೇ ಬಳಸಬೇಕು. ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿರುವ ಮನೆಗಳಲ್ಲಿ ಚೊಕ್ಕಟವಾಗಿ ಹಿಡಿದ ಮಳೆನೀರನ್ನು ಬೆರೆಸಿದರೆ ಗಡಸು ತಗ್ಗುತ್ತದೆ.

ಈ ಬಿಸಿಲು ಸೀಮೆಯಲ್ಲಿ ಹೊಳೆಮೀನಿನ ದೊಡ್ಡ ಶತ್ರು ಬೇಸಿಗೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 35 ಡಿಗ್ರಿಗೆ ಏರಿದರೆ ಅದು 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾದ ಆಮ್ಲಜನಕ ಏರುತ್ತದೆ. ಹರಿಯುವ ನೀರಿನಲ್ಲಿ ಬೆಳೆದ ಮೀನಿಗೆ ಇದು ಎರಡು ಕಡೆಯ ಪೆಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಇಟ್ಟು, ನೀರಿನ ಮೇಲ್ಮೈ ಸದಾ ಅಲುಗಾಡುವಂತೆ ಮಾಡಿ, ಸಣ್ಣ ಫ್ಯಾನಿನ ಗಾಳಿ ಹಾಯಿಸಿದರೆ ತಾಪ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್‌ಪಂಪ್ ಇಲ್ಲದೆ ಹೊಳೆಮೀನು ಸಾಕಲು ಹೊರಡಬಾರದು.

ಲೋಚ್ ತೊಟ್ಟಿಗೆ ನುಣುಪಾದ ಮರಳು, ಉರುಟು ಕಲ್ಲು, ಅಡಗಲು ಸಂದುಗಳು ಬೇಕು. ಚೂಪು ಜಲ್ಲಿ ಮೀಸೆಗಳನ್ನು ಸವೆಸಿ ಹುಣ್ಣು ಮಾಡುತ್ತದೆ. ಇವು ಒಂಟಿಯಾಗಿ ಬಾಳುವುದಿಲ್ಲ. ಐದಾರರ ಗುಂಪಾದರೂ ಇರಬೇಕು, ಅಷ್ಟಕ್ಕೆ ಜಾಗವಿಲ್ಲದಿದ್ದರೆ ಸಾಕುವ ಯೋಚನೆ ಬಿಡಬೇಕು. ಜಿಗಿದು ಹೊರಬೀಳುವುದರಿಂದ ಮುಚ್ಚಳ ಕಡ್ಡಾಯ. ಬೋಟಿಯಾ ಗುಂಪಿನ ಮೀನುಗಳಿಗೆ ಕಣ್ಣಿನ ಕೆಳಗೆ ಮಡಚಿದ ಮುಳ್ಳಿದೆ. ಬೆದರಿದಾಗ ಅದನ್ನು ಎತ್ತುತ್ತವೆ, ಬಲೆಗೆ ಸಿಕ್ಕಿ ಗಾಯವಾಗುತ್ತದೆ. ಆದ್ದರಿಂದ ಅವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದು ಒಳ್ಳೆಯದು. ಹುರುಪೆ ತೀರ ಸಣ್ಣದಾದ್ದರಿಂದ ಬಿಳಿಚುಕ್ಕೆ ರೋಗದಂಥವಕ್ಕೆ ಬಳಸುವ ಔಷಧ ಇವುಗಳ ಮೈಗೆ ಬೇಗ ಏರುತ್ತದೆ. ಬೇರೆ ಮೀನಿಗೆ ಹಾಕುವ ಪ್ರಮಾಣವನ್ನು ತಿಳಿದವರನ್ನು ಕೇಳದೆ ಇವಕ್ಕೆ ಹಾಕಬಾರದು.

ಸಾಕಲಾಗದ ಮೀನನ್ನು ಹೊಳೆಗೆ ಬಿಟ್ಟರೆ ಪುಣ್ಯ ಎಂಬ ನಂಬಿಕೆ ಕರುಣೆಯಿಂದ ಹುಟ್ಟಿದ್ದೇ ಇರಬಹುದು, ಫಲ ಮಾತ್ರ ಕ್ರೂರ. ತೊಟ್ಟಿಯ ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅಂಗೈಯಗಲ ಇದ್ದಾಗ ಮನೆಗೆ ಬಂದು ಒಂದಡಿ ಮೀರಿ ಬೆಳೆಯುತ್ತದೆ, ಜಾಗ ಸಾಲದೆ ಕೆರೆ ಸೇರುತ್ತದೆ. ಗಟ್ಟಿ ಮೈಯ ಇದನ್ನು ತಿನ್ನುವ ಮೀನುಗಳು ಇಲ್ಲಿ ವಿರಳ. ಮೊಟ್ಟೆಗಾಗಿ ದಡವನ್ನು ಕೊರೆಯುತ್ತದೆ, ಬಲೆ ಹರಿಯುತ್ತದೆ. ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಇದು ಈಗಾಗಲೇ ನೆಲೆಯೂರಿದೆ. ಸೂಳೆಕೆರೆಯಂಥ ಶತಮಾನಗಳ ಹಿಂದಿನ ಕೆರೆಯಲ್ಲಿ ಇಂಥ ಮೀನು ಬೇರೂರಿದರೆ ನಷ್ಟ ಮೊದಲು ತಟ್ಟುವುದು ಮೀನು ಹಿಡಿದು ಬದುಕುವ ಕುಟುಂಬಗಳಿಗೆ. ಗಪ್ಪಿ, ಗ್ಯಾಂಬೂಸಿಯಾ ಮೀನುಗಳು ಸೊಳ್ಳೆ ಮರಿ ತಿನ್ನುತ್ತವೆ ನಿಜ. ಹೊಳೆ ಸೇರಿದರೆ ಸ್ಥಳೀಯ ಮೀನಿನ ಆಹಾರಕ್ಕೂ ಪೈಪೋಟಿ ಒಡ್ಡುತ್ತವೆ, ಗ್ಯಾಂಬೂಸಿಯಾ ಅವುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಹೊಳೆಯಿಂದಲೇ ತಂದ ಮೀನನ್ನೂ ವಾಪಸು ಬಿಡುವುದು ಸರಿಯಲ್ಲ. ತೊಟ್ಟಿಯಲ್ಲಿ ಅಂಟಿದ ಪರೋಪಜೀವಿ, ರೋಗಗಳು ಅದರೊಡನೆ ಹೋಗುತ್ತವೆ.

ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬಹುದು, ಇನ್ನೊಬ್ಬ ಸಾಕುವವರಿಗೆ ಕೊಡಬಹುದು, ನೋಡಿಕೊಳ್ಳುವ ಶಿಕ್ಷಕರಿರುವ ಶಾಲೆಗೆ ಕೊಡಬಹುದು. ಅಂಗಡಿಯವರು ಮಾರಿದ ಮೀನನ್ನು ಹಿಂದಕ್ಕೆ ಪಡೆಯುವ ಪದ್ಧತಿ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ತೊಟ್ಟಿಯ ನೀರು ಅಡಿಕೆ, ತೆಂಗು, ಹೂಗಿಡಗಳಿಗೆ ಒಳ್ಳೆಯ ಗೊಬ್ಬರ. ಔಷಧ ಹಾಕಿದ ನೀರನ್ನು ಮಾತ್ರ ತೋಟಕ್ಕೂ ಹಳ್ಳಕ್ಕೂ ಬಿಡಬಾರದು. ತೊಟ್ಟಿಯ ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಕೆರೆಗಳನ್ನು ಮುಚ್ಚುತ್ತಿರುವ ಅಂತರಗಂಗೆಯೂ ಅಲಂಕಾರದ ಗಿಡವಾಗಿಯೇ ಈ ದೇಶಕ್ಕೆ ಬಂದದ್ದು.

ಮನೆಯ ತೊಟ್ಟಿಗಳು ಎಷ್ಟೇ ಚೆನ್ನಾಗಿದ್ದರೂ ಹೊಳೆಗೆ ಬದಲಿಯಾಗಲಾರವು. ಲೋಚ್‌ಗಳಿಗೆ ಬೇಕಾದ ಮರಳು ಮತ್ತು ಕಲ್ಲು ಹೊಳೆಯಲ್ಲಿ ಉಳಿಯಬೇಕು. ಅಕ್ರಮ ಮರಳುಗಾರಿಕೆ ಅವುಗಳ ನೆಲೆಯನ್ನೇ ಎತ್ತಿ ಒಯ್ಯುತ್ತದೆ. ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡವರು ಪೊಲೀಸರಿಗೆ ಅಥವಾ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಶೃಂಗೇರಿಯ ದೇವಸ್ಥಾನದ ಘಟ್ಟಗಳಲ್ಲಿ ಜನರ ಭಕ್ತಿಯೇ ತುಂಗೆಯ ಮೀನುಗಳನ್ನು ಕಾಯುತ್ತಿದೆ. ನ್ಯಾಮತಿ, ಹೊನ್ನಾಳಿಯ ಹೊಳೆದಡದ ಊರುಗಳೂ ತಮ್ಮ ಒಂದೊಂದು ಮಡುವನ್ನು ಹಾಗೆ ಕಾಯ್ದುಕೊಳ್ಳಬಹುದು. ಶಾಲೆಗಳು ಮೀನುಗಾರರ ನೆರವಿನಿಂದ ತಮ್ಮೂರಿನ ನೀರಿನಲ್ಲಿ ಯಾವ ಕಾಲಕ್ಕೆ ಯಾವ ಮೀನು ಕಾಣುತ್ತದೆ ಎಂದು ಚಿತ್ರ ಸಹಿತ ದಾಖಲಿಸಿಡಬಹುದು. ಮೀನುಗಾರರು ಕರೆಯುವ ಸ್ಥಳೀಯ ಹೆಸರುಗಳೂ ಅದರಲ್ಲಿ ಉಳಿಯುತ್ತವೆ. ಹವ್ಯಾಸಿಗಳು ಈ ಕೆಲಸಕ್ಕೆ ಮೊದಲು ಕೈಜೋಡಿಸಬೇಕು, ಏಕೆಂದರೆ ಮೀನುಗಳನ್ನು ದಿನವೂ ಹತ್ತಿರದಿಂದ ನೋಡಿ ಗುರುತಿಸಬಲ್ಲವರು ಅವರೇ.